ಬಾಯಿಮಾತಿನ ಊಟ

ಟೈಲರ್ ಮಾಸ್ತರು ಇದುವರೆಗೆ ಊಟಕ್ಕೆ ಕರೆದವರೆಲ್ಲ ಒಂದೇ ದಿನ ನಿಜವಾಗಿ ಬಂದುಬಿಟ್ಟರೆ ಅವರ ಮನೆಯ ಕಬ್ಬಿಣದ ಮೆಟ್ಟಿಲು ಮುರಿದುಬೀಳುತ್ತದೆ ಎಂದು ಎದುರಂಗಡಿಯ ಗಡಿಯಾರದವರು ಹೇಳುತ್ತಿದ್ದರು. ಹೇಳುವಾಗ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯುತ್ತಲೂ ಇರಲಿಲ್ಲ. ಮಾಸ್ತರು ಅದನ್ನು ಹೊಗಳಿಕೆಯೆಂದೇ ತಿಳಿದು, "ಮೊದಲು ನೀವೇ ಬನ್ನಿ, ಮೆಟ್ಟಿಲು ಗಟ್ಟಿ ಇದೆಯೋ ಇಲ್ವೋ ನೋಡೇಬಿಡೋಣ" ಎನ್ನುತ್ತಿದ್ದರು. "ಬರೋಣ ಬರೋಣ, ಎಲ್ಲಿಗೆ ಓಡಿಹೋಗ್ತೀವಿ" ಎಂದು ಅವರು. ಎದುರುಬದುರು ಅಂಗಡಿ ಇಟ್ಟು ಇಬ್ಬರ ತಲೆಯೂ ನರೆತಿತ್ತು. ಗಡಿಯಾರದವರು ಆ ಮೆಟ್ಟಿಲನ್ನು ಒಂದು ದಿನವೂ ತುಳಿದವರಲ್ಲ.

ನಮ್ಮ ಕಡೆಯ ನಡವಳಿಕೆಯೇ ಹಾಗೆ. ಬಾಗಿಲಲ್ಲಿ ನಿಂತವರನ್ನು, ದಾರಿಯಲ್ಲಿ ಸಿಕ್ಕವರನ್ನು, ಹೊರಟ ಬಸ್ಸಿನ ಕಿಟಕಿಯಿಂದ ಕೈಬೀಸಿದವರನ್ನು ಕೂಡ ಊಟಕ್ಕೆ ಕರೆಯದೆ ಬಿಡುವುದಿಲ್ಲ. ಕರೆಯದವನಿಗೆ ಕೊಬ್ಬು ಎನ್ನುತ್ತಾರೆ. ಕರೆದ ಮಾತ್ರಕ್ಕೆ ಹೋಗಿ ಕುಳಿತವನಿಗೆ ಗತಿಯಿಲ್ಲ ಎನ್ನುತ್ತಾರೆ. ಆದ್ದರಿಂದ ಕರೆಯುವವರು "ಬನ್ನಿ" ಎನ್ನಬೇಕು, ಕರೆಸಿಕೊಂಡವರು "ಅಯ್ಯೋ, ಅದಕ್ಕೇನು, ಇನ್ನೊಂದು ಸಲ ಬಂದರಾಯಿತು" ಎನ್ನಬೇಕು. ಅಲ್ಲಿಗೆ ಇಬ್ಬರ ಮರ್ಯಾದೆಯೂ ಉಳಿಯಿತು, ಯಾರ ಮನೆಯ ಒಲೆಯೂ ಹೊತ್ತಲಿಲ್ಲ. ಮನಸಾರೆ ಕರೆಯುವುದಾದರೆ ಆ ದಿನ ಬೆಳಿಗ್ಗೆ ಮನೆಯವರೊಬ್ಬರು ಖುದ್ದಾಗಿ ಹೋಗಿ, "ಮರೀಬೇಡಿ, ಕಾಯ್ತಿರ್ತೀವಿ" ಎಂದು ಇನ್ನೊಮ್ಮೆ ಹೇಳಿಬರಬೇಕು. ಈ ಎರಡನೆಯ ಕರೆ ಬಾರದಿದ್ದರೆ ಮೊದಲಿನದು ಬರಿಯ ಬಾಯಿಮಾತು ಎಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹಾಗೆಯೇ, ಹೋದ ಮನೆಯಲ್ಲಿ ಊಟಕ್ಕೆ ಏಳಿ ಎಂದರೆ ಹೊಟ್ಟೆ ಹಸಿದು ಕೂಗುತ್ತಿದ್ದರೂ "ಈಗ ತಾನೇ ಆಯಿತು" ಎನ್ನಬೇಕು. ಮೂರು ಸಲ ಬಲವಂತ ಮಾಡಿಸಿಕೊಂಡು, ಆಮೇಲೆ ಅವರ ಮನಸ್ಸು ನೋಯಬಾರದೆಂಬ ಮುಖದಲ್ಲಿ ಕೈ ತೊಳೆಯಬೇಕು.

ಈ ವಿದ್ಯೆಯಲ್ಲಿ ಮಾಸ್ತರನ್ನು ಮೀರಿಸಿದವರಿಲ್ಲ. ಹೇಳಿದ ದಿನಕ್ಕೆ ಅಂಗಿ ಸಿದ್ಧವಾಗಲಿಲ್ಲವೆಂದು ಕೆಂಡದಂತೆ ಬಂದ ಗಿರಾಕಿಗೆ ಅವರು ಅಂಗಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಅಳತೆಯ ಟೇಪನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟು, "ಇದೇನು ಇಷ್ಟು ಸೊರಗಿಬಿಟ್ಟಿದ್ದೀರಿ! ನಡೀರಿ, ಮೇಲೆ ಮನೆಗೆ ಹೋಗೋಣ, ಒಂದು ತುತ್ತು ಉಂಡು ಮಾತಾಡೋಣ" ಎನ್ನುತ್ತಿದ್ದರು. ಗಿರಾಕಿ ಅಲ್ಲೇ ಮೆತ್ತಗಾಗಿ, "ಊಟ ಇರಲಿ ಮಾಸ್ತರೇ, ಅಂಗಿ ಮಾತ್ರ ಬೇಗ ಕೊಡಿ" ಎಂದು ಹೊರಟುಹೋಗುತ್ತಿದ್ದನು. ಮಾಸ್ತರು ಕೆಟ್ಟವರಲ್ಲ. ಕರೆಯುವ ಆ ಗಳಿಗೆಯಲ್ಲಿ ಅವರ ಪ್ರೀತಿ ನಿಜವಾದದ್ದೇ. ಅದು ನಾಲಗೆಯಿಂದ ಕೆಳಗಿಳಿದು ಅಡಿಗೆಮನೆಯವರೆಗೆ ಹೋಗುತ್ತಿರಲಿಲ್ಲ, ಅಷ್ಟೆ.

ಅಂಗಡಿಯೆಂದರೆ ಅಗಲಕ್ಕಿಂತ ಉದ್ದ ಹೆಚ್ಚಾದ ಒಂದು ಕೋಣೆ. ಮುಂದೆ ಬಟ್ಟೆ ಕತ್ತರಿಸುವ ಮೇಜು, ನಡುವೆ ಹೊಲಿಗೆಯ ಯಂತ್ರಗಳು, ಹಿಂದಿನ ಕಿಟಕಿಯ ಕೆಳಗೆ ಬೆಳಕು ಬೀಳುವಲ್ಲಿ ಒಂದು ಚಾಪೆ. ಆ ಚಾಪೆಯ ಮೇಲೆ ಕುಳಿತು ಕಾಜಾ ಹಾಕುವವಳು, ಎಂದರೆ ಗುಂಡಿ ತೂರಿಸುವ ಸೀಳಿನ ಸುತ್ತ ದಾರ ಹೆಣೆಯುವವಳು, ಬೇರೆ ಸೀಮೆಯಿಂದ ಬಂದ ಒಬ್ಬ ಹೆಂಗಸು. ಬೀದಿಯೆಲ್ಲ ಅವಳನ್ನು ಕಾಜಾಕ್ಕ ಎನ್ನುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮುದಿ ತಾಯಿಯನ್ನು ಕರೆದುಕೊಂಡು ಕೆಲಸ ಹುಡುಕುತ್ತ ಬಂದವಳು. ನಮ್ಮದೇ ಭಾಷೆ, ಆದರೆ ಮಾತು ಬಹಳ ಕಡಿಮೆ. ಬೇಕೆಂದರೆ ಬೇಕು, ಬೇಡವೆಂದರೆ ಬೇಡ. ಚಹಾ ಬಂದಾಗ "ಕುಡೀತೀನಿ" ಎಂದು ಮೊದಲ ಸಲಕ್ಕೇ ಲೋಟ ಎತ್ತಿಕೊಂಡುಬಿಡುವಳು. ಗಡಿಯಾರದವರು ಇದನ್ನು ನೋಡಿ, "ಎಲ್ಲಿಂದ ತಂದ್ರಿ ಮಾಸ್ತರೇ ಇವರನ್ನ, ಉಪಚಾರಕ್ಕೆ ಜಾಗಾನೇ ಕೊಡಲ್ವಲ್ಲ!" ಎಂದು ನಗುತ್ತಿದ್ದರು.

ಒಂದು ದಿನ ಅವಳೇ ಕೇಳಿದಳು. "ಮಾಸ್ತರೇ, ಈ ಊರಲ್ಲಿ ಎಲ್ಲರೂ ಮನೆಗೆ ಬನ್ನಿ ಅಂತಾರೆ. ಯಾರೂ ದಿನ ಮಾತ್ರ ಹೇಳಲ್ಲ. ನಮ್ಮಮ್ಮ ದಿನಾ ಕೇಳ್ತಾಳೆ, ಯಾರಾದ್ರೂ ಕರೆದ್ರಾ ಅಂತ. ಬಂದಾಗಿನಿಂದ ಆ ಕೋಣೆ ಬಿಟ್ಟು ಒಂದು ಮನೆ ನೋಡಿಲ್ಲ ಅವಳು."

ಮಾಸ್ತರು ಸೀಮೆಸುಣ್ಣದಿಂದ ಗೆರೆ ಎಳೆಯುತ್ತ, "ಅಯ್ಯೋ, ನಮ್ಮ ಮನೆ ಇಲ್ವೇನಮ್ಮ?" ಎಂದರು. ಮಾತು ಅಲ್ಲಿಗೆ ನಿಂತಿತು.

ಮರುವಾರ ಶಾಲೆಯೊಂದರ ಸಮವಸ್ತ್ರದ ರಾಶಿ ಮುಗಿಯಿತು. ಕೊನೆಯ ಅಂಗಿಯನ್ನು ಮಡಿಸಿ ಇಟ್ಟಾಗ ಮಾಸ್ತರ ಮನಸ್ಸು ಹಗುರವಾಗಿ ಹಾರಾಡುತ್ತಿತ್ತು. ಅದೇ ಸಂತೋಷದಲ್ಲಿ, "ನೋಡಮ್ಮ, ಈ ಭಾನುವಾರ ನಮ್ಮ ಮನೆಗೆ ಬರಬೇಕು. ತಾಯೀನೂ ಕರ್ಕೊಂಡು ಬನ್ನಿ. ಊಟ ನಮ್ಮಲ್ಲೇ" ಎಂದರು.

ಕಾಜಾಕ್ಕ ಸೂಜಿಯನ್ನು ರವಿಕೆಯ ಅಂಚಿಗೆ ಚುಚ್ಚಿ ತಲೆಯೆತ್ತಿದಳು. "ಎಷ್ಟು ಹೊತ್ತಿಗೆ?"

ಇಷ್ಟು ವರ್ಷದಲ್ಲಿ ಮಾಸ್ತರಿಗೆ ಆ ಪ್ರಶ್ನೆಯನ್ನು ಯಾರೂ ಹಾಕಿರಲಿಲ್ಲ. "ಹೊತ್ತೇನು ಬಂತು, ನಿಮ್ಮನೆ ಅಂತ ತಿಳ್ಕೊಳ್ಳಿ. ಮಧ್ಯಾಹ್ನ."

"ಅಮ್ಮನಿಗೆ ಹಲ್ಲಿಲ್ಲ. ಅನ್ನ ಒಂಚೂರು ಮೆತ್ತಗಿರಲಿ."

"ಬೆಣ್ಣೆ ಹಾಗೆ ಮಾಡ್ಸೋಣ!" ಎಂದು ಮಾಸ್ತರು ನಕ್ಕರು. ಬಾಗಿಲು ಹಾಕಿ, ಬೀಗ ಜಗ್ಗಿ ನೋಡಿ ಮೆಟ್ಟಿಲು ಹತ್ತುವಷ್ಟರಲ್ಲಿ ಆ ಮಾತು ಅವರ ತಲೆಯಿಂದ ಜಾರಿಹೋಗಿತ್ತು. ಎರಡನೆಯ ಕರೆ ಹೋಗದಿದ್ದರೆ ಯಾರು ಬರುತ್ತಾರೆ?

ಭಾನುವಾರ ಗಂಡಹೆಂಡಿರು ರಾತ್ರಿ ಉಳಿದದ್ದನ್ನೇ ಬೆಳಿಗ್ಗೆ ಬಿಸಿ ಮಾಡಿ ತಿಂದಿದ್ದರು. ಹೆಂಡತಿ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸುತ್ತಿದ್ದಳು. ತಲೆಗೆ ಎಣ್ಣೆ, ಉಟ್ಟದ್ದು ಮಾಸಿದ ಸೀರೆ. ಮಾಸ್ತರು ತೂತುಬಿದ್ದ ಬನಿಯನ್ನಿನಲ್ಲಿ ನೆಲದ ಮೇಲೆ ಮಲಗಿ ರೇಡಿಯೋ ಕೇಳುತ್ತಿದ್ದರು. ಆಗ ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ಒಂದು ಹೆಜ್ಜೆ, ಒಂದು ನಿಟ್ಟುಸಿರು, ಮತ್ತೊಂದು ಹೆಜ್ಜೆ. ಅದರ ಹಿಂದೆಯೇ ಒಂದು ದನಿ: "ನಿಧಾನ ಅಮ್ಮ. ಇನ್ನೇನು, ಬಂದೇಬಿಡ್ತು."

ಮಾಸ್ತರು ಎದ್ದು ಕುಳಿತರು. ಕೈ ತಾನಾಗಿ ರೇಡಿಯೋದ ಕಿವಿ ಹಿಂಡಿತು.

"ಯಾರ್ರೀ ಅದು?" ಎಂದು ಹೆಂಡತಿ ಪಿಸುಗುಟ್ಟಿದಳು.

"ಕಾಜಾಕ್ಕ. ಜೊತೆಗೆ ಅವರಮ್ಮ."

"ಯಾಕೆ?"

"ಊಟಕ್ಕೆ... ಸುಮ್ನೆ ಕರೆದಿದ್ದೆ."

"ಸುಮ್ನೆ ಕರೆದ್ರಾ? ಅವರು ಸುಮ್ನೆ ಬರಲಿಲ್ವಲ್ಲ! ಮನೇಲಿ ಒಂದು ಹಿಡಿ ಅನ್ನ ಇಲ್ಲ. ಈ ಅವತಾರದಲ್ಲಿ ನಾನು ಬಾಗಿಲು ತೆಗೀಲಾ?"

"ಶ್!" ಎಂದು ಮಾಸ್ತರು ತುದಿಗಾಲಲ್ಲಿ ಹೋಗಿ ಸದ್ದಾಗದಂತೆ ಚಿಲಕ ಏರಿಸಿದರು. ಹೆಂಡತಿಯೂ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ಬಂದು ಬಾಗಿಲ ಹಿಂದೆ ನಿಂತಳು. ಇಬ್ಬರೂ ಉಸಿರು ಬಿಗಿಹಿಡಿದರು.

ಬಾಗಿಲು ತಟ್ಟಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ.

"ಒಳಗೆ ರೇಡಿಯೋ ಹಾಡ್ತಿತ್ತಲ್ಲೇ" ಎಂದಿತು ಮುದಿ ದನಿ.

"ಪಕ್ಕದ ಮನೇದಿರಬೇಕಮ್ಮ."

"ಚಪ್ಪಲಿ ಇಲ್ಲೇ ಇವೆ ನೋಡು."

ಇದಕ್ಕೆ ಉತ್ತರ ಬರುವುದು ತಡವಾಯಿತು. ಮಾಸ್ತರ ಕಂದು ಚಪ್ಪಲಿಯ ಪಟ್ಟಿ ಕಿತ್ತುಹೋದಾಗ ಅದನ್ನು ಹೊಲಿದುಕೊಟ್ಟವಳು ಕಾಜಾಕ್ಕನೇ. ಆ ದಿನ ಕೈಗೆ ಸಿಕ್ಕಿದ್ದು ಹಸಿರು ದಾರ. ಊರಿನಲ್ಲಿ ಅಂಥ ಇನ್ನೊಂದು ಚಪ್ಪಲಿ ಇರಲಿಕ್ಕಿಲ್ಲ.

"ಬೇರೆ ಜೊತೆ ಹಾಕ್ಕೊಂಡು ಹೋಗಿರಬೇಕು. ನಡಿ ಅಮ್ಮ, ಊರಲ್ಲಿಲ್ಲ ಅವರು."

"ಬೆಳಿಗ್ಗೆಯಿಂದ ಏನೂ ತಿಂದಿಲ್ವಲ್ಲೇ ನಾನು. ಊಟದ ಮನೆ ಅಂತ ಹಾಗೇ ಬಂದೆ."

ಹೆಜ್ಜೆಗಳು ಇಳಿದವು. ಇಳಿಯುವುದು ಹತ್ತುವುದಕ್ಕಿಂತ ನಿಧಾನವಾಗಿತ್ತು. ಸದ್ದು ನಿಂತ ಮೇಲೆ ಮಾಸ್ತರು ಕಿಟಕಿಯ ಪರದೆಯನ್ನು ಒಂದು ಬೆರಳಿನಷ್ಟು ಸರಿಸಿ ನೋಡಿದರು. ಅಜ್ಜಿ ಇಸ್ತ್ರಿ ಮಾಡಿದ ಬಿಳಿ ಸೀರೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಮಗಳು ಚೀಲದಿಂದ ಬಾಳೆಹಣ್ಣಿನ ಚಿಪ್ಪು ತೆಗೆದು ಒಂದು ಹಣ್ಣು ಸುಲಿದುಕೊಟ್ಟಳು. ಕರೆದವರ ಮನೆಗೆಂದು ತಂದ ಹಣ್ಣು. ಅಜ್ಜಿ ಅದನ್ನು ಒಸಡಿನಲ್ಲಿ ಅರೆದು ಅರೆದು ತಿಂದಳು. ಸಿಪ್ಪೆಯನ್ನು ಬೇರೆಯವರ ಅಂಗಳದಲ್ಲಿ ಎಸೆಯಬಾರದೆಂದು ಮಗಳು ಚೀಲಕ್ಕೇ ಹಾಕಿಕೊಂಡಳು.

ಮಾಸ್ತರು ಪರದೆ ಬಿಟ್ಟರು. ಹೆಂಡತಿ "ಹೋದ್ರಾ?" ಎಂದಳು. "ಹೋದ್ರು" ಎಂದರು. ತಾವು ಕಂಡದ್ದನ್ನು ಹೇಳಲಿಲ್ಲ. ರೇಡಿಯೋ ಆ ದಿನ ಮತ್ತೆ ಹಾಡಲಿಲ್ಲ.

ಸೋಮವಾರ ಮಾಸ್ತರು ಬಚ್ಚಲಮನೆಯ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಇಳಿದರು. ಕಂದು ಚಪ್ಪಲಿಯನ್ನು ಮಂಚದ ಕೆಳಗೆ ನೂಕಿದ್ದರು. ಮೆಟ್ಟಿಲು ಇಳಿಯುವಷ್ಟರಲ್ಲಿ ಒಂದು ಸುಳ್ಳನ್ನು ಅಳೆದು, ಕತ್ತರಿಸಿ, ಹೊಲಿದು ಸಿದ್ಧವಾಗಿಟ್ಟುಕೊಂಡಿದ್ದರು. ಅದನ್ನು ಹೊರತೆಗೆಯುವ ಮೊದಲೇ ಕಾಜಾಕ್ಕ, "ನಿನ್ನೆ ನೀವು ಊರಲ್ಲಿರಲಿಲ್ಲ ಅಂತ ಕಾಣುತ್ತೆ" ಎಂದು ತಾನೇ ದಾರಿ ಬಿಟ್ಟುಕೊಟ್ಟಳು.

ಮಾಸ್ತರು ಆ ದಾರಿಯಲ್ಲಿ ನುಗ್ಗಿದರು. "ಹೌದು ನೋಡಮ್ಮ! ನನ್ನ ಷಡ್ಡಕನಿಗೆ ಇದ್ದಕ್ಕಿದ್ದ ಹಾಗೆ ಎದೆನೋವು. ನಿಂತ ಕಾಲಲ್ಲೇ ಓಡಬೇಕಾಯ್ತು. ನಿಮಗೆ ಹೇಳಿ ಕಳಿಸೋಕೂ ಆಗಲಿಲ್ಲ." ಮಾತು ಹೆಚ್ಚಿದಷ್ಟೂ ತಮ್ಮ ದನಿ ತಮಗೇ ತೆಳ್ಳಗೆ ಕೇಳಿಸಿತು.

ಅವಳು ಕೊನೆಯವರೆಗೂ ಕಿವಿಗೊಟ್ಟಳು. ಅವರ ಕಾಲಿನ ಕಡೆ ನೋಡಿ, "ಆ ಚಪ್ಪಲಿ ಏನಾಯ್ತು? ಹೊಲಿಗೆ ಬಿಟ್ಟಿತಾ? ತನ್ನಿ, ಇನ್ನೊಂದು ಸಲ ಹಾಕಿಕೊಡ್ತೀನಿ" ಎಂದಳು. ಅದರಲ್ಲಿ ಚುಚ್ಚುಮಾತು ಇತ್ತೇ, ಬರಿಯ ಕರುಣೆಯಿತ್ತೇ ಎಂದು ಮಾಸ್ತರಿಗೆ ತಿಳಿಯಲಿಲ್ಲ. ಚುಚ್ಚಿದ್ದರೆ ವಾಸಿಯಾಗಿತ್ತು ಎನ್ನಿಸಿತು.

"ಆಯ್ತು, ಈ ಭಾನುವಾರ ತಪ್ಪದೆ ಬನ್ನಿ. ಖಂಡಿತ ಬರಬೇಕು."

ಕಾಜಾಕ್ಕ ದಾರವನ್ನು ಹಲ್ಲಿನಿಂದ ಕಡಿದು, ನಗುತ್ತ, ತಲೆಯನ್ನು ಸ್ವಲ್ಪ ಓರೆಮಾಡಿ ಹೇಳಿದಳು: "ಅಯ್ಯೋ, ಅದಕ್ಕೇನು ಮಾಸ್ತರೇ, ಇನ್ನೊಂದು ಸಲ ಬಂದ್ರಾಯ್ತು."

ಅದೇ ರಾಗ, ಅದೇ ನಗೆ, ಕೊನೆಯಲ್ಲಿ ಅದೇ ಎಳೆತ. ಚಹಾಕ್ಕೆಂದು ಬಂದಿದ್ದ ಗಡಿಯಾರದವರು ತೊಡೆ ತಟ್ಟಿ ನಕ್ಕರು. "ಭಲೇ! ಕಾಜಾಕ್ಕ ಕೊನೆಗೂ ನಮ್ಮೂರಿನವರೇ ಆಗಿಬಿಟ್ರು!"

ಆ ವಾರ ಮಾಸ್ತರು ಮತ್ತೆ ಮತ್ತೆ ಕರೆದರು. ಕರೆದಾಗಲೆಲ್ಲ ಅದೇ ಉತ್ತರ. ಈಗ ಚಹಾ ಬಂದರೂ ಅವಳು "ಬೇಡ, ಈಗ ತಾನೇ ಆಯ್ತು" ಎನ್ನುತ್ತಿದ್ದಳು. ಲೋಟ ಆರಿ ಕೆನೆಗಟ್ಟುತ್ತಿತ್ತು. ತಾವು ಇನ್ನು ಏನು ಹೇಳಿದರೂ ಅವಳು ನಂಬುವುದಿಲ್ಲ, ನಂಬದಿರುವುದನ್ನು ತೋರಿಸುವುದೂ ಇಲ್ಲ ಎಂಬುದು ಮಾಸ್ತರಿಗೆ ಅರ್ಥವಾಯಿತು. ನೇರವಾಗಿ ನಡೆಯುತ್ತಿದ್ದವಳಿಗೆ ಕುಂಟುವುದನ್ನು ತಾವೇ ಕಲಿಸಿದ ಹಾಗಾಯಿತಲ್ಲ ಎಂದು ಕತ್ತರಿ ಹಿಡಿದ ಕೈ ನಡುನಡುವೆ ನಿಲ್ಲುತ್ತಿತ್ತು. ಒಬ್ಬರ ತೋಳಿನ ಅಳತೆಯನ್ನು ಇನ್ನೊಬ್ಬರ ಅಂಗಿಗೆ ಕತ್ತರಿಸಿದ್ದೂ ಆಯಿತು.

ಶನಿವಾರ ಹೆಂಡತಿಯ ಮುಂದೆ ಬಾಳೆಹಣ್ಣಿನ ಸಂಗತಿಯನ್ನೂ ಹೇಳಿಬಿಟ್ಟರು. ಅವಳು, "ನಿಮ್ಮೊಬ್ಬರನ್ನೇ ದೂರಿ ಏನು ಮಾಡಲಿ, ಬಾಗಿಲ ಹಿಂದೆ ಉಸಿರು ಕಟ್ಟಿ ನಿಂತವಳು ನಾನೂ ಹೌದು. ನಾಳೆ ಅನ್ನ ಮೆತ್ತಗೆ ಮಾಡ್ತೀನಿ. ನೀವೇ ಹೋಗಿ ಕರ್ಕೊಂಡು ಬನ್ನಿ. ಅವರಿಲ್ಲದೆ ಬರಬೇಡಿ" ಎಂದಳು.

ಭಾನುವಾರ ಮಾಸ್ತರು ಮಂಚದ ಕೆಳಗಿನಿಂದ ಕಂದು ಚಪ್ಪಲಿ ಎಳೆದು ಮೆಟ್ಟಿಕೊಂಡು ಹೊರಟರು. ಬೆಳಿಗ್ಗೆಯೇ ಹೋಗಬೇಕೆಂದಿದ್ದರು, ಹೋಗಲು ಧೈರ್ಯ ಸಾಲದೆ ಬೀದಿ ಬೀದಿ ಸುತ್ತಿ ಹೊತ್ತಾಗಿತ್ತು. ಹಿಟ್ಟಿನ ಗಿರಣಿಯ ಹಿಂಬದಿಯಲ್ಲಿ ಅವಳ ಕೋಣೆ. ಗೋಡೆಗೆಲ್ಲ ಹಿಟ್ಟಿನ ತೆಳುವಾದ ಬಿಳುಪು. ಒಮ್ಮೆ ತಟ್ಟಿದರು, ಅಷ್ಟೇ, ಬಾಗಿಲು ತೆರೆಯಿತು. ಮತ್ತೊಮ್ಮೆ ತಟ್ಟಲು ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು.

ಒಳಗೆ ಈರುಳ್ಳಿ ಹುರಿದ ವಾಸನೆ. ನೆಲದ ಮೇಲೆ ಎರಡು ತಟ್ಟೆ. ಅಜ್ಜಿ ಒಂದರ ಮುಂದೆ ಕುಳಿತಿದ್ದಳು.

"ಬನ್ನಿ ಮಾಸ್ತರೇ. ಊಟ ಮಾಡಿ" ಎಂದಳು ಕಾಜಾಕ್ಕ.

"ಅಯ್ಯೋ ಬೇಡಮ್ಮ, ಈಗ ತಾನೇ ಆಯ್ತು" ಎಂದಿತು ಮಾಸ್ತರ ನಾಲಗೆ.

"ಹಾಗಾದ್ರೆ ಕೂತ್ಕೊಳ್ಳಿ" ಎಂದು ಅವಳು ಒಂದು ಸ್ಟೂಲು ಸರಿಸಿ ತಾನು ತಟ್ಟೆಯ ಮುಂದೆ ಕುಳಿತಳು. ಎರಡನೆಯ ಸಲ ಕೇಳಲಿಲ್ಲ. ತನ್ನ ಮನೆಯೊಳಗೆ ಅವಳು ಇನ್ನೂ ತನ್ನ ಸೀಮೆಯವಳೇ ಆಗಿದ್ದಳು.

ಮಾಸ್ತರು ಸ್ಟೂಲಿನ ಮೇಲೆ ಕುಳಿತರು. ಹೊಟ್ಟೆಯಲ್ಲಿ ಬೆಂಕಿ. ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಇಳಿದಿರಲಿಲ್ಲ. ಆಡಿದ ಮಾತು ತಮ್ಮ ಕೊರಳಿಗೇ ಸುತ್ತಿಕೊಂಡದ್ದು ಆಮೇಲೆ ಹೊಳೆಯಿತು. ಊಟವಾಯಿತೆಂದವನು ಮನೆಯಲ್ಲಿ ಊಟ ಕಾದಿದೆ ಬನ್ನಿ ಎಂದು ಯಾವ ಬಾಯಲ್ಲಿ ಕರೆದಾನು?

ಅಜ್ಜಿ ತುತ್ತು ನುಂಗಿ, "ಯಾರೇ ಇವರು?" ಎಂದಳು.

"ಮಾಸ್ತರು ಅಮ್ಮ. ಹೋದ ವಾರ ನಾವು ಹೋಗಿದ್ವಲ್ಲ, ಅವರ ಮನೆಗೆ."

ಅಜ್ಜಿಯ ಮುಖ ಬೆಳಗಿತು. ಎಡಗೈಯಿಂದ ಸೆರಗು ಸರಿಮಾಡಿಕೊಂಡು, "ನೀವೇನಪ್ಪಾ? ನಿಮ್ಮ ನೆಂಟರು ಹೇಗಿದ್ದಾರೆ ಈಗ? ಎದೆನೋವು ಅಂದಳು ಇವಳು. ಕರೆದವರು ಅಡಿಗೆ ಬಿಟ್ಟು ಓಡಿದ್ರು ಅಂದ್ರೆ ಎಷ್ಟು ಗಾಬರಿಯಾಗಿರಬೇಕು ಅಂತ ದಿನಾ ಮಲಗೋವಾಗ ಅವರಿಗೋಸ್ಕರ ಕೈ ಮುಗೀತಿದ್ದೆ. ಗುಣ ಆಯ್ತಾ?" ಎಂದಳು.

ಕಾಜಾಕ್ಕ ತಲೆಯೆತ್ತಲಿಲ್ಲ. ತಟ್ಟೆಯಲ್ಲಿ ಅನ್ನ ಕಲೆಸುತ್ತಲೇ ಇದ್ದಳು.

ಮಾಸ್ತರಿಗೆ ಷಡ್ಡಕನನ್ನು ಗುಣಮಾಡುವುದು ಸುಲಭವಾಗಿತ್ತು. "ಆಯ್ತಮ್ಮ" ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದರು. ಬಂದದ್ದು ಬೇರೆ ಮಾತು.

"ಯಾರಿಗೂ ಏನೂ ಆಗಿರಲಿಲ್ಲಮ್ಮ. ನಾನು ಒಳಗೇ ಇದ್ದೆ."

"ಒಳಗೆ? ಮತ್ತೆ ಬಾಗಿಲು?"

"ತೆಗೀಲಿಲ್ಲ."

"ಯಾಕಪ್ಪಾ?"

ಮಾಸ್ತರು ಹೊಸ್ತಿಲಾಚೆ ಬಿಟ್ಟ ಚಪ್ಪಲಿಯ ಹಸಿರು ದಾರವನ್ನು ನೋಡುತ್ತ, "ಕರೆದಿದ್ದೆ. ಅಡಿಗೆ ಮಾಡ್ಸಿರಲಿಲ್ಲ. ನಮ್ಮಲ್ಲಿ ಹಾಗೇ ಕರೀತೀವಿ" ಎಂದರು. ಹೇಳಿದ ಮೇಲೆ ಅದೆಷ್ಟು ಕೊಳಕಾಗಿ ಕೇಳಿಸಿತೆಂದರೆ ಕಿವಿಯ ತುದಿಗಳು ಸುಟ್ಟವು. "ಈಗ ಊಟ ಆಯ್ತು ಅಂದದ್ದೂ ಸುಳ್ಳು. ಹಸಿವಾಗಿದೆ. ಮನೇಲಿ ಅವಳು ಅನ್ನ ಮೆತ್ತಗೆ ಮಾಡಿಟ್ಟುಕೊಂಡು ಕಾಯ್ತಾ ಇದಾಳೆ. ಕರೆಯೋಕೆ ಬಂದೆ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಕಾಜಾಕ್ಕ ಎದ್ದು, ಕೈ ತೊಳೆದು, ಇನ್ನೊಂದು ತಟ್ಟೆಯನ್ನು ನೀರಿನಲ್ಲಿ ಅದ್ದಿ ತೆಗೆದು ಮಾಸ್ತರ ಮುಂದಿಟ್ಟಳು. ಪಾತ್ರೆಯ ತಳ ಕೆರೆದು ಬಡಿಸಿದಳು. ಬಲವಂತದ ಮಾತು ಒಂದೂ ಇಲ್ಲ. ಮಾಸ್ತರು ನೆಲದ ಮೇಲೆ ಕುಳಿತು ತಲೆ ಬಗ್ಗಿಸಿ ಉಂಡರು.

"ಈಗ ಹೊಟ್ಟೆ ತುಂಬಿದೆ" ಎಂದಳು ಅಜ್ಜಿ ಕೊನೆಗೆ. "ಸಂಜೆ ಬರ್ತೀವಿ. ಆ ಅನ್ನ ಚೆಲ್ಲಬೇಡಿ ಅನ್ನಿ ನಿಮ್ಮ ಹೆಂಡತಿಗೆ." ಕೋಲನ್ನು ಹತ್ತಿರಕ್ಕೆ ಎಳೆದುಕೊಂಡು, "ಬಾಗಿಲು ತೆಗೀತೀರಲ್ಲ?" ಎಂದಳು. ತಮಾಷೆಗೆ ಕೇಳಿದ್ದಲ್ಲ.

ಸಂಜೆ ಬಿಸಿಲು ಇಳಿಯುವ ಮೊದಲೇ ಮಾಸ್ತರು ಕೆಳಗೆ ಬಂದು ಮೆಟ್ಟಿಲ ಹತ್ತಿರ ನಿಂತರು. ಹಳೆಯ ಗಿರಾಕಿಯೊಬ್ಬ ಹಾದುಹೋಗುತ್ತ, "ಏನ್ ಮಾಸ್ತರೇ, ಊಟ ಆಯ್ತಾ?" ಎಂದ. "ಬನ್ನಿ" ಎಂಬ ಮಾತು ಹಲ್ಲಿನವರೆಗೆ ಬಂದಿತ್ತು. ಮಾಸ್ತರು ಅದನ್ನು ನುಂಗಿ, "ಇಲ್ಲಪ್ಪ, ನೆಂಟರು ಬರ್ತಾರೆ" ಎಂದಷ್ಟೇ ಹೇಳಿದರು. ಗಿರಾಕಿ ಒಂದು ಗಳಿಗೆ ಕಾದು ನೋಡಿದ. ಬಾಯಿಮಾತಿಗೂ ಕರೆಯಲಿಲ್ಲವಲ್ಲ ಎಂದು ಮುಖ ಗಂಟಿಕ್ಕಿಕೊಂಡು ಹೋದ.

ತಿರುವಿನಲ್ಲಿ ಬಿಳಿ ಸೀರೆ ಕಂಡಿತು. ಮಾಸ್ತರು ಎದುರು ಹೋಗಿ ಕರೆತಂದರು. ಅಜ್ಜಿ ಮೆಟ್ಟಿಲ ಬುಡದಲ್ಲಿ ನಿಂತು, ಕಂಬಿ ಹಿಡಿದು, ಕೋಲಿನ ತುದಿಯಿಂದ ಎರಡನೆಯ ಮೆಟ್ಟಿಲನ್ನು ತಟ್ಟಿ ಮಗಳನ್ನು ಕೇಳಿದಳು: "ಹೋದ ವಾರ ನಾನು ಕೂತಿದ್ದು ಇದರ ಮೇಲಲ್ವೇನೇ?"

"ಅದಲ್ಲಮ್ಮ, ಅದರ ಕೆಳಗಿನದು" ಎಂದರು ಮಾಸ್ತರು.

ಹೇಳಿದ ಮೇಲೆ ತಿಳಿಯಿತು. ಕಾಜಾಕ್ಕ ಅವರ ಮುಖ ನೋಡಿದಳು, ಆಮೇಲೆ ತಲೆಯೆತ್ತಿ ಮೇಲಿನ ಕಿಟಕಿಯನ್ನೂ ಅದರ ಪರದೆಯನ್ನೂ ನೋಡಿದಳು. ಮಾಸ್ತರು ನೆಲ ನೋಡುತ್ತ ನಿಂತರು. ಮೇಲೆ ಅವರ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗಿನಿಂದ ತಟ್ಟೆ ಇಡುವ ಸದ್ದು ಕೇಳುತ್ತಿತ್ತು.

"ಅಮ್ಮನ ಆ ಕಡೆ ಕೈ ಹಿಡ್ಕೊಳ್ಳಿ ಮಾಸ್ತರೇ" ಎಂದಳು ಅವಳು. "ಅವಳಿಗೆ ಹತ್ತೋದು ಕಷ್ಟ."